ಸಹಾಯ ಬೇಕು: ಡಯಾಂಚ ಸೇರಿಸಿದ ಗದ್ದೆಗೆ ಯೂರಿಯಾ ಎಷ್ಟು ಕಡಿಮೆ ಮಾಡಬಹುದು?

ಎಲ್ಲರಿಗೂ ನಮಸ್ಕಾರ. ಭತ್ತದ ಗದ್ದೆಗೆ ಈ ಸಲ ಡಯಾಂಚ (ನಾಟಿಗೆ ಮೊದಲು ಮಣ್ಣಿಗೆ ಉತ್ತು ಸೇರಿಸುವ ಹಸಿರೆಲೆ ಗೊಬ್ಬರದ ಗಿಡ) ಬಿತ್ತಿದ್ದೇವೆ. ಸೊಂಟದೆತ್ತರ ಬಂದಿದೆ, ಕಾಂಡ ಇನ್ನೂ ಎಳೆಯದು, ಹೂ ಕಾಣಿಸಿಲ್ಲ. ಗಿಡ ಕಿತ್ತು ನೋಡಿದರೆ ಬೇರಿನ ತುಂಬಾ ಗಂಟು, ಹಿಸುಕಿದರೆ ಒಳಗೆ ನಸುಗೆಂಪು. ಸಾರಜನಕ ಹಿಡಿಯುವ ಕೆಲಸ ಚೆನ್ನಾಗಿ ನಡೆದಿದೆ ಅಂತ ಬಹಳ ಖುಷಿಯಾಯಿತು.

45-50 ದಿನದ ಒಳ್ಳೆಯ ಬೆಳೆ ಮಣ್ಣಿಗೆ ಸೇರಿದರೆ ಹೆಕ್ಟೇರಿಗೆ ಸುಮಾರು 60 ಕಿಲೋ ಸಾರಜನಕ ಸಿಗುತ್ತದೆ ಎನ್ನುತ್ತಾರೆ. ಲೆಕ್ಕಕ್ಕೆ ಅದು 130 ಕಿಲೋ ಯೂರಿಯಾಕ್ಕೆ ಸಮ. ಆದರೆ ಅಷ್ಟೂ ಇದೇ ಬೆಳೆಗೆ ದಕ್ಕುವುದಿಲ್ಲವಲ್ಲ! ಹಾಗಾಗಿ ನಾಟಿ ಹೊತ್ತಿನ ಯೂರಿಯಾ ಪೂರ್ತಿ ಬಿಟ್ಟು, ತೆಂಡೆ ಒಡೆಯುವಾಗ ಮತ್ತು ತೆನೆ ಮೂಡುವಾಗ ಎಲೆ ಬಣ್ಣದ ಪಟ್ಟಿ (ಎಲೆಯ ಹಸಿರು ಹೋಲಿಸಿ ಸಾರಜನಕ ಸಾಕೇ ಎಂದು ತಿಳಿಯುವ ಪಟ್ಟಿ) ಹಿಡಿದು ನೋಡಿ ಮೇಲುಗೊಬ್ಬರ ಕೊಡುವ ಯೋಚನೆ ಇದೆ. ರಂಜಕ, ಪೊಟ್ಯಾಷ್ ಮಾತ್ರ ಮಣ್ಣು ಪರೀಕ್ಷೆಯಲ್ಲಿ ಬಂದಷ್ಟೇ ಹಾಕುತ್ತೇನೆ. ಡಯಾಂಚ ಅವನ್ನು ಹೊಸದಾಗಿ ತರುವುದಿಲ್ಲ.

ಹೀಗೆ ಮಾಡಿದವರು ದಯವಿಟ್ಟು ಹೇಳಿ. ಜಿಗುಟು ಮಣ್ಣಿನಲ್ಲಿ ಉತ್ತು ನೀರು ನಿಲ್ಲಿಸಿದ ಮೇಲೆ ಎಷ್ಟು ದಿನ ಬಿಟ್ಟು ನಾಟಿ ಮಾಡಿದಿರಿ? ಸೊಪ್ಪು ಪೂರ್ತಿ ಕೊಳೆಯುವ ಮೊದಲೇ ನೆಟ್ಟರೆ ಸಸಿ ಹಳದಿಯಾದೀತೆಂಬ ಭಯ ನನಗೆ. ಯೂರಿಯಾ ಇಳಿಸಿದ ಮೊದಲ ವರ್ಷ ಇಳುವರಿ ಹೇಗಿತ್ತು? ನಿಮ್ಮ ಮಣ್ಣು ಎಂಥದ್ದು ಅಂತಲೂ ಬರೆದರೆ ಹೋಲಿಸಿ ನೋಡಲು ಅನುಕೂಲ.