[ಪರಿಹಾರವಾಗಿದೆ] ಪ್ರೈವೇಟ್ ಎಂದು ಬರೆದರೂ ಬಿಡ್ ಬಯಲಾಗುತ್ತಿದೆ, ಹಣ ಮರಳಿಸುವಾಗ ಔಟ್ ಆಫ್ ಗ್ಯಾಸ್

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಇಥೀರಿಯಂ ಬ್ಲಾಕ್‌ಚೈನ್‌ಗೆ ಕೋಡ್ ಬರೆಯುವ ಸಾಲಿಡಿಟಿ ಭಾಷೆ ಕಲಿಯಲು ಶುರುಮಾಡಿ ಎರಡು ತಿಂಗಳಾಯಿತು. ಅಭ್ಯಾಸಕ್ಕೆಂದು ಮುಚ್ಚಿದ ಹರಾಜಿನ ಸ್ಮಾರ್ಟ್ ಕಾಂಟ್ರಾಕ್ಟ್ (ಬ್ಲಾಕ್‌ಚೈನ್ ಮೇಲೆ ಓಡುವ ಪ್ರೋಗ್ರಾಂ) ಬರೆದು ಇಥೀರಿಯಂನ ಪರೀಕ್ಷಾ ಜಾಲವಾದ ಸೆಪೋಲಿಯಾ ಟೆಸ್ಟ್‌ನೆಟ್‌ಗೆ ಹಾಕಿದ್ದೇನೆ. ಯಾರು ಎಷ್ಟು ಕೂಗಿದರೆಂದು ಕೊನೆಯವರೆಗೂ ತಿಳಿಯಬಾರದು, ಸೋತವರಿಗೆ ಹಣ ವಾಪಸ್ ಹೋಗಬೇಕು. ಇಷ್ಟೇ ಕೆಲಸ. ಎರಡು ಕಡೆ ಸಿಕ್ಕಿಕೊಂಡಿದ್ದೇನೆ.

ಬಿಡ್‌ಗಳಿರುವ ಮ್ಯಾಪಿಂಗ್‌ಗೆ (ಯಾವ ವಿಳಾಸದ ಬಿಡ್ ಎಷ್ಟೆಂದು ಇಡುವ ಪಟ್ಟಿಗೆ) ಪ್ರೈವೇಟ್ ಎಂದೇ ಹಾಕಿದ್ದೇನೆ. ಆದರೂ ಗೆಳೆಯನೊಬ್ಬ ಹತ್ತೇ ನಿಮಿಷದಲ್ಲಿ ಎಲ್ಲರ ಮೊತ್ತ ಪಟ್ಟಿ ಮಾಡಿ ಕಳಿಸಿದ!

ಇನ್ನೊಂದು, ಹರಾಜು ಮುಗಿದ ಮೇಲೆ ಲೂಪ್ ಓಡಿಸಿ ಹಣ ಮರಳಿಸುತ್ತೇನೆ. ನನ್ನ ಕಂಪ್ಯೂಟರಿನಲ್ಲೇ ಓಡುವ ಪರೀಕ್ಷಾ ಜಾಲದಲ್ಲಿ 50 ವಿಳಾಸಗಳಿಗೆ ಸರಿಯಾಗಿ ಹೋಯಿತು. 4,000 ಮಾಡಿದರೆ ಔಟ್ ಆಫ್ ಗ್ಯಾಸ್, ಅಂದರೆ ಗ್ಯಾಸ್ (ಲೆಕ್ಕದ ಕೆಲಸ ಅಳೆದು ಶುಲ್ಕ ಹಾಕುವ ಏಕಮಾನ) ಮುಗಿಯಿತು ಎನ್ನುತ್ತದೆ. ಗ್ಯಾಸ್ ಲಿಮಿಟ್ ಏರಿಸಿದರೆ ಬ್ಲಾಕಿನ (ವಹಿವಾಟುಗಳ ಒಂದು ಕಂತೆಯ) ಮಿತಿ ಮೀರಿದೆ ಎನ್ನುತ್ತದೆ. ಕೆಲಸ ಆಗದಿದ್ದರೂ ಶುಲ್ಕ ಮಾತ್ರ ಕಡಿತವಾಗಿದೆ. ಲೇಯರ್ 2ಕ್ಕೆ (ಮುಖ್ಯ ಸರಪಳಿಯ ಮೇಲೆ ಕಟ್ಟಿದ ಎರಡನೇ ಜಾಲಕ್ಕೆ) ಹೋದರೆ ಇವೆರಡೂ ಸರಿಹೋಗುತ್ತವೆಯೇ?

ಉತ್ತರ 1

ಲೇಯರ್ 2 ವಿಷಯ ಆಮೇಲೆ ನೋಡೋಣ. ನಿಮ್ಮ ಎರಡೂ ತೊಂದರೆಗಳ ಬೇರು ಒಂದೇ. ಕಾಂಟ್ರಾಕ್ಟ್ ಎಲ್ಲೋ ಒಂದು ಸರ್ವರ್‌ನಲ್ಲಿ ಓಡುತ್ತದೆ ಎಂದುಕೊಂಡು ನೀವು ಬರೆದಿದ್ದೀರಿ. ಅದು ಓಡುವುದು ಜಾಲದ ಪ್ರತಿಯೊಂದು ಪೂರ್ಣ ನೋಡ್‌ನಲ್ಲಿ (ಎಲ್ಲ ಲೆಕ್ಕ ತಾನೇ ತಾಳೆ ನೋಡುವ ಕಂಪ್ಯೂಟರ್‌ನಲ್ಲಿ), ಪ್ರತಿ ಸಾಲೂ. ಯಾರೂ ಇನ್ನೊಬ್ಬರ ಲೆಕ್ಕ ನಂಬುವುದಿಲ್ಲ, ತಾವೇ ಮಾಡಿ ತಾಳೆ ನೋಡುತ್ತಾರೆ. ಲೆಕ್ಕ ಮಾಡಬೇಕಾದರೆ ಅಂಕಿಗಳು ಕಾಣಲೇಬೇಕು, ಹಾಗಾಗಿ ಗುಟ್ಟು ಉಳಿಯುವುದಿಲ್ಲ. ಎಲ್ಲರೂ ಅದೇ ಲೆಕ್ಕವನ್ನು ಮಾಡಬೇಕು, ಹಾಗಾಗಿ ಒಂದು ಬ್ಲಾಕಿಗೆ ಇಷ್ಟೇ ಕೆಲಸ ಎಂಬ ಮಿತಿ.

ಪ್ರೈವೇಟ್ ಎಂಬ ಪದ ಹೊಸಬರನ್ನು ತುಂಬಾ ದಾರಿ ತಪ್ಪಿಸುತ್ತದೆ. ಬೇರೆ ಕಾಂಟ್ರಾಕ್ಟ್‌ಗಳ ಕೋಡ್ ಈ ವೇರಿಯಬಲ್ ಅನ್ನು ನೇರವಾಗಿ ಓದಲಾರದು ಎಂಬುದಷ್ಟೇ ಅದರ ಅರ್ಥ. ನಿಮ್ಮ ಗೆಳೆಯ ಮಾಡಿದ್ದು ಬಹುಶಃ ಹೀಗೆ: ಬಿಡ್ ಮಾಡಿದವರ 20 ಬೈಟ್ ವಿಳಾಸವನ್ನು ಸೊನ್ನೆ ತುಂಬಿ 32 ಬೈಟ್ ಮಾಡಿ, ಮ್ಯಾಪಿಂಗ್‌ನ ಸ್ಲಾಟ್ (ಸ್ಟೋರೇಜ್ ಜಾಗದ) ಸಂಖ್ಯೆ 32 ಬೈಟ್, ಎರಡನ್ನೂ ಜೋಡಿಸಿ ಕೆಕ್ಯಾಕ್-256 ಹ್ಯಾಶ್ (ಡೇಟಾದಿಂದ ಲೆಕ್ಕಹಾಕುವ ಬೆರಳಚ್ಚಿನಂಥ ಸಂಖ್ಯೆ) ತೆಗೆದರೆ ಸ್ಟೋರೇಜ್‌ನಲ್ಲಿ ಆ ಮೊತ್ತ ಕೂತಿರುವ ಜಾಗ ಸಿಗುತ್ತದೆ. ಯಾವ ನೋಡ್ ಕೇಳಿದರೂ ಅಲ್ಲಿರುವುದನ್ನು ಓದಿ ಹೇಳುತ್ತದೆ. ಅಷ್ಟೂ ಬೇಡ, ನೀವು ಕಳಿಸಿದ ವಹಿವಾಟಿನ ಡೇಟಾದಲ್ಲೇ ಮೊತ್ತ ಇರುತ್ತದೆ.

ಇದಕ್ಕೆ ಹಳೆಯ, ಗಟ್ಟಿ ದಾರಿ ಕಮಿಟ್-ರಿವೀಲ್. ಮೊದಲ ಹಂತದಲ್ಲಿ ಮೊತ್ತದ ಬದಲು ಅದರ ಹ್ಯಾಶ್ ಮಾತ್ರ ಕಳಿಸಿ. ಬಿಡ್ ಅವಧಿ ಮುಗಿದ ಮೇಲೆ ಎಲ್ಲರೂ ಮೊತ್ತ ಬಿಚ್ಚಿಡಲಿ, ಕಾಂಟ್ರಾಕ್ಟ್ ಹ್ಯಾಶ್ ತಾಳೆ ನೋಡಲಿ.

ಉತ್ತರ 2

ಎರಡನೆಯದಕ್ಕೆ ನಾನು ಹೇಳುತ್ತೇನೆ. ಲೂಪ್‌ನಲ್ಲಿ ಹಣ ಹಂಚುವುದನ್ನು ಬಿಟ್ಟುಬಿಡಿ. ಹೊಸ ವಿಳಾಸ ಮುಟ್ಟಿದರೆ 2,600 ಗ್ಯಾಸ್, ಹೊಸ ಸ್ಟೋರೇಜ್ ಜಾಗ ಓದಿದರೆ 2,100, ಇದರ ಮೇಲೆ ಹಣ ಕಳಿಸುವ ಖರ್ಚು ಬೇರೆ. ಒಬ್ಬರಿಗೇ 10,000 ದಾಟುತ್ತದೆ. 4,000 ಜನರೆಂದರೆ ನಾಲ್ಕು ಕೋಟಿಗೂ ಮೇಲೆ. ನಿಮ್ಮ ಪರೀಕ್ಷಾ ಜಾಲದಲ್ಲಿ ಬ್ಲಾಕಿಗೆ ಮೂರು ಕೋಟಿ ಎಂದಿದ್ದರೆ ಅಲ್ಲಿಗೆ ಮುಗಿಯಿತು. ಶುಲ್ಕ ಹೋದದ್ದೂ ಇದಕ್ಕೇ. ಗ್ಯಾಸ್ ಮುಗಿಯುವವರೆಗೆ ನೋಡ್‌ಗಳು ನಿಜವಾಗಿ ದುಡಿದಿವೆ, ಬದಲಾವಣೆಗಳನ್ನು ಅಳಿಸಿಹಾಕಿದರೂ ಆ ದುಡಿಮೆ ಅಳಿಯುವುದಿಲ್ಲ.

ಗ್ಯಾಸ್ ಸಾಕಾದರೂ ಲೂಪ್ ಅಪಾಯವೇ. 4,000 ಜನರಲ್ಲಿ ಒಬ್ಬ ಹಣ ಬಂದಾಗ ರಿವರ್ಟ್ ಮಾಡುವ (ವಹಿವಾಟನ್ನೇ ರದ್ದುಮಾಡುವ) ಕಾಂಟ್ರಾಕ್ಟ್ ಮೂಲಕ ಬಿಡ್ ಮಾಡಿದ್ದರೆ, ಅವನೊಬ್ಬನಿಂದ ಎಲ್ಲರ ಹಣವೂ ಸಿಕ್ಕಿಬೀಳಬಹುದು. ಪ್ರತಿಯೊಬ್ಬರೂ ತಾವೇ ಬಂದು ತಮ್ಮ ಹಣ ತೆಗೆದುಕೊಳ್ಳುವಂತೆ ವಿತ್‌ಡ್ರಾ ಫಂಕ್ಷನ್ ಬರೆಯಿರಿ. ಅದರೊಳಗೆ ಕ್ರಮ ಮುಖ್ಯ: ಮೊದಲು ಅವರ ಬಾಕಿಯನ್ನು ಸೊನ್ನೆ ಮಾಡಿ, ಆಮೇಲೆ ಹಣ ಕಳಿಸಿ. 2016ರ ಜೂನ್‌ನಲ್ಲಿ ದಿ ಡಿಎಒ ಎಂಬ ಹೂಡಿಕೆ ನಿಧಿಯ ಕಾಂಟ್ರಾಕ್ಟ್‌ನಿಂದ ಸುಮಾರು 36 ಲಕ್ಷ ಈಥರ್ (ಇಥೀರಿಯಂನ ನಾಣ್ಯ) ಸೋರಿಹೋದದ್ದು ಈ ಕ್ರಮ ತಪ್ಪಿದ್ದರಿಂದಲೇ. ಹಣ ಕೈಸೇರುತ್ತಿದ್ದಂತೆ, ಬಾಕಿ ಇಳಿಯುವ ಮೊದಲೇ, ದಾಳಿ ಮಾಡಿದವರ ಕೋಡ್ ಮತ್ತೆ ಮತ್ತೆ ಒಳಗೆ ಬಂದು ಕೇಳಿತು. ಅದನ್ನು ಸರಿಪಡಿಸಲು ಜುಲೈನಲ್ಲಿ ಇಥೀರಿಯಂ ಸರಪಳಿಯೇ ಇಬ್ಭಾಗವಾಯಿತು. ನಿಮ್ಮ ಕೋಡ್‌ನಲ್ಲಿ ಈ ಎರಡು ಸಾಲುಗಳನ್ನು ದಯವಿಟ್ಟು ಮೂರು ಸಲ ನೋಡಿ.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದ. ವಿತ್‌ಡ್ರಾ ಬರೆದೆ, 4,000 ವಿಳಾಸಗಳಿಗೂ ಕೆಲಸ ಮಾಡುತ್ತಿದೆ. ಆದರೆ ಹ್ಯಾಶ್ ಕಳಿಸಿದರೂ ಗೆಳೆಯ ಮತ್ತೆ ಮೊತ್ತ ಕಂಡುಹಿಡಿದ! ಹ್ಯಾಶ್ ಅನ್ನು ಹಿಂದಕ್ಕೆ ಬಿಡಿಸಲಾಗದು ಎಂದು ಓದಿದ್ದೆನಲ್ಲ?

ಉತ್ತರ 1

ಬಿಡಿಸಿಲ್ಲ, ಊಹಿಸಿದ್ದಾರೆ. ನಿಮ್ಮಲ್ಲಿ ಬಿಡ್ 1ರಿಂದ 10,000ದ ಒಳಗಿನ ಪೂರ್ಣಸಂಖ್ಯೆ ತಾನೇ? ಹತ್ತು ಸಾವಿರ ಹ್ಯಾಶ್ ತೆಗೆದು ಹೋಲಿಸಲು ಸಾಮಾನ್ಯ ಲ್ಯಾಪ್‌ಟಾಪ್‌ಗೆ ಕಣ್ಣುಮಿಟುಕಿಸುವಷ್ಟು ಹೊತ್ತೂ ಬೇಡ. ಮೊತ್ತದ ಜೊತೆ 32 ಬೈಟ್‌ನ ಯಾದೃಚ್ಛಿಕ ಸಾಲ್ಟ್ (ಊಹಿಸಲಾಗದ ಗುಟ್ಟಿನ ಸಂಖ್ಯೆ) ಸೇರಿಸಿ ಹ್ಯಾಶ್ ಮಾಡಿ. ಸಾಲ್ಟ್ ಬಳಕೆದಾರರ ಬಳಿಯೇ ಇರಲಿ. ಅದು ಕಳೆದುಹೋದರೆ ಅವರ ಬಿಡ್ ಬಿಚ್ಚಲು ಯಾರಿಂದಲೂ ಆಗದು, ಇದನ್ನು ಪುಟದಲ್ಲಿ ದೊಡ್ಡದಾಗಿ ಬರೆಯಿರಿ. ಬಿಡ್ ಮಾಡುವವರ ವಿಳಾಸವೂ ಹ್ಯಾಶ್‌ನೊಳಗೆ ಇರಲಿ. ಇಲ್ಲದಿದ್ದರೆ ಇನ್ನೊಬ್ಬರು ನಿಮ್ಮ ಹ್ಯಾಶ್ ನಕಲು ಮಾಡಿ ಕಳಿಸಿ, ನೀವು ಬಿಚ್ಚಿಟ್ಟ ಮೇಲೆ ಅದನ್ನೇ ಬಿಚ್ಚುತ್ತಾರೆ.

ಇನ್ನೊಂದು ಸೋರಿಕೆ: ವಹಿವಾಟಿನ ಜೊತೆ ಕಳಿಸುವ ಈಥರ್ ಎಲ್ಲರಿಗೂ ಕಾಣುತ್ತದೆ. 700 ಬಿಡ್ ಮಾಡಿ 700 ಕಳಿಸಿದರೆ ಹ್ಯಾಶ್ ಇದ್ದೂ ಇಲ್ಲದಂತೆ. ಎಲ್ಲರಿಂದಲೂ ಒಂದೇ ಮೊತ್ತದ ಠೇವಣಿ ಪಡೆಯಿರಿ, ಬಿಚ್ಚದೆ ಹೋದವರು ಅದನ್ನು ಕಳೆದುಕೊಳ್ಳಲಿ.

ಈಗ ಲೇಯರ್ 2. ಬಿಟ್‌ಕಾಯಿನ್‌ನಲ್ಲಿ ಬ್ಲಾಕ್ ಬರುವುದು ಸರಾಸರಿ 10 ನಿಮಿಷಕ್ಕೆ, ಇಥೀರಿಯಂನಲ್ಲಿ 12 ಸೆಕೆಂಡಿಗೆ. ಬ್ಲಾಕನ್ನೇ ದೊಡ್ಡದು ಮಾಡುತ್ತಾ ಹೋದರೆ ಸಾಧಾರಣ ಕಂಪ್ಯೂಟರ್‌ನಲ್ಲಿ ನೋಡ್ ನಡೆಸುವುದು ಕಷ್ಟವಾಗುತ್ತದೆ, ತಾಳೆ ನೋಡುವವರು ಕಡಿಮೆಯಾಗುತ್ತಾರೆ. ಆದ್ದರಿಂದ ರೋಲಪ್‌ಗಳು ಎಂಬ ಲೇಯರ್ 2 ಜಾಲಗಳು ಲೆಕ್ಕವನ್ನು ಹೊರಗೆ ಮಾಡಿ, ಡೇಟಾ ಮತ್ತು ಫಲಿತಾಂಶವನ್ನು ಒಟ್ಟುಗೂಡಿಸಿ ಮುಖ್ಯ ಸರಪಳಿಗೆ ಹಾಕುತ್ತವೆ. ಆಪ್ಟಿಮಿಸ್ಟಿಕ್ ಬಗೆಯಲ್ಲಿ ತಪ್ಪಿದ್ದರೆ ತೋರಿಸಿ ಎಂದು ಕಾಲಾವಕಾಶ ಕೊಡುತ್ತಾರೆ, ಅದಕ್ಕೇ ಹಣ ಮುಖ್ಯ ಸರಪಳಿಗೆ ಬರಲು ಸಾಮಾನ್ಯವಾಗಿ 7 ದಿನ. ಝಡ್‌ಕೆ (ಝೀರೋ ನಾಲೆಡ್ಜ್) ಬಗೆಯಲ್ಲಿ ಲೆಕ್ಕ ಸರಿಯಿದೆ ಎಂಬ ಗಣಿತದ ಪುರಾವೆಯೇ ಜೊತೆಗೆ ಬರುತ್ತದೆ. 2024ರ ಮಾರ್ಚ್‌ನ ಬದಲಾವಣೆಯಿಂದ ಈ ಡೇಟಾ ಬ್ಲಾಬ್‌ಗಳೆಂಬ ತಾತ್ಕಾಲಿಕ ಡೇಟಾ ಕಂತೆಗಳಲ್ಲಿ ಹೋಗುತ್ತದೆ, ನೋಡ್‌ಗಳು ಅವನ್ನು ಸುಮಾರು 18 ದಿನ ಮಾತ್ರ ಇಟ್ಟುಕೊಂಡರೆ ಸಾಕು. ಶುಲ್ಕ ಇಳಿದದ್ದು ಅದರಿಂದ.

ಆದರೆ ಝಡ್‌ಕೆ ಎಂದ ಮಾತ್ರಕ್ಕೆ ಗುಟ್ಟು ಎಂದುಕೊಳ್ಳಬೇಡಿ. ಹೆಚ್ಚಿನ ಝಡ್‌ಕೆ ರೋಲಪ್‌ಗಳು ಪುರಾವೆಯನ್ನು ಬಳಸುವುದು ಲೆಕ್ಕ ಚಿಕ್ಕದಾಗಿ ಪರಿಶೀಲಿಸಲು, ಅಲ್ಲಿನ ವಹಿವಾಟು ಎಲ್ಲರಿಗೂ ಕಾಣುತ್ತದೆ. ಅದೇ ಗಣಿತವನ್ನು ಮರೆಮಾಡಲು ಬಳಸುವುದು ಬೇರೆ ವಿನ್ಯಾಸ, 2016ರಲ್ಲಿ ಶುರುವಾದ ಝಡ್‌ಕ್ಯಾಶ್ ನಾಣ್ಯ ಅದಕ್ಕೆ ಉದಾಹರಣೆ. ನಿಮ್ಮ ಹಳೇ ಕೋಡ್ ರೋಲಪ್‌ನಲ್ಲೂ ಹೀಗೇ ಸೋರುತ್ತಿತ್ತು, ಅಗ್ಗವಾಗಿ.

ಪ್ರಶ್ನೆ ಕೇಳಿದವರು

ಸಾಲ್ಟ್, ವಿಳಾಸ, ಠೇವಣಿ ಎಲ್ಲ ಸೇರಿಸಿದೆ. ಗೆಳೆಯ ಈ ಸಲ ಕೈಚೆಲ್ಲಿದ. ಆದರೆ ರಿವೀಲ್ ಮಾಡುವಾಗ ನನ್ನದೇ ಹ್ಯಾಶ್ ತಾಳೆಯಾಗುತ್ತಿಲ್ಲ.

ಉತ್ತರ 2

ಬ್ರೌಸರ್ ಕಡೆ ಮೊತ್ತವನ್ನು ಅಕ್ಷರಗಳಾಗಿ ಹ್ಯಾಶ್ ಮಾಡುತ್ತಿದ್ದೀರಾ ನೋಡಿ. "500" ಎಂಬ ಪಠ್ಯ 3 ಬೈಟ್, ಕಾಂಟ್ರಾಕ್ಟ್‌ನಲ್ಲಿ ಯುಇಂಟ್256 (256 ಬಿಟ್‌ನ ಪೂರ್ಣಸಂಖ್ಯೆ) ಆಗಿ ಎನ್‌ಕೋಡ್ ಆದ 500 ಎಂದರೆ 32 ಬೈಟ್. ಎರಡೂ ಕಡೆ ಒಂದೇ ಎನ್‌ಕೋಡಿಂಗ್, ಅದೇ ಕ್ರಮ ಇರಬೇಕು.

ಪ್ರಶ್ನೆ ಕೇಳಿದವರು

ಅದೇ ಆಗಿತ್ತು. ಈಗ ತಾಳೆಯಾಗುತ್ತಿದೆ. ಹಾಕಿಬಿಟ್ಟ ಹಳೇ ಕಾಂಟ್ರಾಕ್ಟನ್ನು ತಿದ್ದಲು ಆಗದಲ್ಲವೇ, ಹೊಸ ವಿಳಾಸದಲ್ಲಿ ಮತ್ತೆ ಹಾಕಿದ್ದೇನೆ. ಬಾಕಿ ಸೊನ್ನೆ ಮಾಡುವ ಸಾಲು ಹಣ ಕಳಿಸುವುದಕ್ಕಿಂತ ಮೇಲೇ ಇದೆ, ಮೂರು ಸಲ ನೋಡಿದೆ.