ಜೋರ್ಡನ್ ಅವರ ಮನೆಯನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು?

ಪ್ರಶ್ನೆ: ನಾಪೋಕ್ಲು ನಿವಾಸಿ

ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ಕೊಡಗಿನ ನಮ್ಮ ಒಕ್ಕದವರು (ಒಂದೇ ಮನೆತನದವರು) ಐನ್‌ಮನೆಯ, ಅಂದರೆ ಮನೆತನದ ಮೂಲಮನೆಯ, ಮಾಡಿನ (ಛಾವಣಿಯ) ದುರಸ್ತಿಯ ಖರ್ಚು ಹಂಚಿಕೊಳ್ಳುವ ವಿಚಾರಕ್ಕೆ ಸೇರಿದ್ದೆವು. ಪಡುವಣ ಬದಿಯ ರೀಪುಗಳಿಗೆ ಗೆದ್ದಲು ಹಿಡಿದು, ಹೆಂಚು ಜಾರಿ, ಹೋದ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಗೆ ನೆಲ್ಲಕ್ಕಿ, ಅಂದರೆ ನಡುಮನೆಯವರೆಗೂ ನೀರು ಬಂದಿತ್ತು. ಲೆಕ್ಕ ಮುಗಿಸಿ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಚಿಕ್ಕಪ್ಪನ ಮಗನೊಬ್ಬ ಬಾಸ್ಕೆಟ್‌ಬಾಲ್ ಆಟಗಾರ ಮೈಕೆಲ್ ಜೋರ್ಡನ್ ಅವರ ಮನೆಯ ಚಿತ್ರಗಳನ್ನು ಮೊಬೈಲಿನಲ್ಲಿ ತೋರಿಸಿದ. ಷಿಕಾಗೋದ ಉತ್ತರಕ್ಕಿರುವ ಹೈಲ್ಯಾಂಡ್ ಪಾರ್ಕ್ ಎಂಬ ಊರಿನ ಮನೆ ಅದು. ಮೊಬೈಲು ಕೈಯಿಂದ ಕೈಗೆ ಹೋಯಿತು, "ದುಡ್ಡಿದೆ, ಅಭಿರುಚಿ ಇಲ್ಲ" ಎಂದು ಎಲ್ಲರೂ ನಕ್ಕರು. ನನಗೆ ನಗಲು ಮನಸ್ಸು ಬರಲಿಲ್ಲ. ಅವರ ಮಾತು ತಪ್ಪೆಂದು ಹೇಳುವುದಕ್ಕೂ ಕಾರಣ ಹೊಳೆಯಲಿಲ್ಲ.

1995ರಲ್ಲಿ ಪೂರ್ಣಗೊಂಡ ಆ ಮನೆಯ ವಿಸ್ತೀರ್ಣ ಸುಮಾರು 56,000 ಚದರ ಅಡಿ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಎಲ್ಲ ಅಂತಸ್ತುಗಳೂ ಸೇರಿ ಒಂದು ಎಕರೆ ಇಪ್ಪತ್ತೆಂಟು ಸೆಂಟಿನಷ್ಟು ನೆಲ ಮನೆಯೊಳಗೇ ಇದೆ. ಏಳು ಎಕರೆಗೂ ಸ್ವಲ್ಪ ಹೆಚ್ಚಿನ ಜಾಗದ ನಡುವೆ 9 ಮಲಗುವ ಕೋಣೆಗಳು, ದೊಡ್ಡದು ಚಿಕ್ಕದು ಸೇರಿ 19 ಬಚ್ಚಲುಮನೆಗಳು, ಪೂರ್ಣ ಅಳತೆಯ ಒಳಾಂಗಣ ಬಾಸ್ಕೆಟ್‌ಬಾಲ್ ಅಂಕಣ, ನಡುವೆ ಹುಲ್ಲಿನ ದ್ವೀಪವಿರುವ ದುಂಡನೆಯ ಈಜುಕೊಳ. ಗೇಟಿನ ಮೇಲೆ ಅವರ ಅಂಗಿಯ ಸಂಖ್ಯೆಯಾದ 23ನ್ನು ಆಳೆತ್ತರಕ್ಕೆ ಕೂರಿಸಿದ್ದಾರೆ. 2012ರಲ್ಲಿ 2.9 ಕೋಟಿ ಡಾಲರಿಗೆ ಮಾರಾಟಕ್ಕಿಟ್ಟ ಈ ಮನೆಗೆ ಹನ್ನೆರಡು ವರ್ಷ ಗಿರಾಕಿ ಸಿಗದೆ, ಕೊನೆಗೆ 2024ರಲ್ಲಿ 95 ಲಕ್ಷ ಡಾಲರಿಗೆ ಮಾರಾಟವಾಯಿತು. ನಡುವೆ ಬೆಲೆಯನ್ನು 1,48,55,000 ಡಾಲರಿಗೆ ಇಳಿಸಿದ್ದರು. ಆ ಅಂಕಿಗಳನ್ನು ಕೂಡಿ ನೋಡಿ, ಅಲ್ಲಿಯೂ 23 ಬರುತ್ತದೆ.

ನನ್ನ ಪ್ರಶ್ನೆ ಇಷ್ಟು. ಒಬ್ಬ ಶ್ರೀಮಂತ ಆಟಗಾರನ ಮನೆಯನ್ನು ನೋಡಿ ಅಭಿರುಚಿ ಇದೆ ಅಥವಾ ಇಲ್ಲ ಎಂದು ನಾವು ಹೇಳುವಾಗ ಮನೆಯನ್ನು ಅಳೆಯುತ್ತಿದ್ದೇವೆಯೋ, ಅಥವಾ ಆ ದುಡ್ಡು ಯಾರ ಕೈಗೆ ಬಂದಿತು ಎಂಬುದನ್ನು ಅಳೆಯುತ್ತಿದ್ದೇವೆಯೋ? ಮನೆ ಕಟ್ಟಿದ ಅನುಭವ ಇರುವವರು ದಯವಿಟ್ಟು ಬಿಡಿಸಿ ಬರೆಯಿರಿ.


ಉತ್ತರ: ಮಡಿಕೇರಿಯ ಇಂಜಿನಿಯರ್

ಮನೆಯನ್ನೇ ಅಳೆಯಬಹುದು, ಮತ್ತು ಅಳೆಯಲೇಬೇಕು. ಆದರೆ ಗಾತ್ರದಿಂದ ಶುರು ಮಾಡಿದರೆ ದಾರಿ ತಪ್ಪುತ್ತೇವೆ. ಆ ಮನೆ ನಿಂತಿರುವ ನೆಲ ಎಂಥದು, ಅಲ್ಲಿ ಬೀಳುವ ಮಳೆ ಅಥವಾ ಹಿಮ ಎಷ್ಟು, ಬಂದವರು ಒಳಗೆ ಹೇಗೆ ಕಾಲಿಡುತ್ತಾರೆ ಎಂಬ ಮೂರು ಸಂಗತಿಗಳನ್ನು ನಾನು ಮೊದಲು ನೋಡುತ್ತೇನೆ.

ಅದೇ ಹೈಲ್ಯಾಂಡ್ ಪಾರ್ಕಿನಲ್ಲಿ ಹೆಸರಾಂತ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ವಿನ್ಯಾಸಗೊಳಿಸಿದ ವಿಲಿಟ್ಸ್ ಮನೆ ಇದೆ. 1902ರ ಸುಮಾರಿಗೆ ಕಟ್ಟಿದ್ದು. ಅದೂ ಹಣವಂತ ಉದ್ಯಮಿಯೊಬ್ಬರದೇ. ಅದರ ಚಿತ್ರವನ್ನು ನಮ್ಮ ಹಿರಿಯರಿಗೆ ತೋರಿಸಿದರೆ ವಿವರಣೆಯೇ ಬೇಕಾಗುವುದಿಲ್ಲ. ತಗ್ಗಿದ ಮಾಡು, ಗೋಡೆಯಿಂದ ಬಹಳ ಮುಂದಕ್ಕೆ ಚಾಚಿದ ಸೂರು, ನಟ್ಟನಡುವೆ ಬೆಂಕಿಗೂಡು, ಅದನ್ನು ಹಿಡಿದುಕೊಂಡು ನಾಲ್ಕು ದಿಕ್ಕಿಗೂ ಹರಡಿದ ಮನೆಯ ಭಾಗಗಳು. ಚಳಿಯ ಬಯಲುಸೀಮೆಯಲ್ಲಿ ಮನೆಯ ಜೀವ ಬೆಂಕಿಯ ಸುತ್ತ ಇರಬೇಕೆಂದು ಆತ ಅರಿತಿದ್ದರು. ಮಳೆಯ ಗುಡ್ಡಸೀಮೆಯಲ್ಲಿ ಮನೆಯ ಜೀವ ಮಾಡಿನಲ್ಲಿ ಇರುತ್ತದೆಂದು ನಮ್ಮ ಆಚಾರಿಗಳು ಅರಿತಿದ್ದರು. ಜೋರ್ಡನ್ ಅವರ ಮನೆಯಲ್ಲಿ ನನಗೆ ಕೊರತೆಯಾಗಿ ಕಾಣುವುದು ಈ ಅರಿವು. ಅದನ್ನು ಹಾಗೆಯೇ ಎತ್ತಿ ಫ್ಲೋರಿಡಾದಲ್ಲಿ ಇಟ್ಟರೂ ಯಾರಿಗೂ ವ್ಯತ್ಯಾಸ ತಿಳಿಯಲಾರದು. ಪ್ಲೇಬಾಯ್ ಪತ್ರಿಕೆಯ ಒಡೆಯನ ಷಿಕಾಗೋ ಬಂಗಲೆಯಲ್ಲಿದ್ದ ಬಾಗಿಲುಗಳನ್ನು ತಂದು ಅಲ್ಲಿ ಜೋಡಿಸಿದ್ದಾರೆ. ಹಳೆಯ ಬಾಗಿಲನ್ನು ಮತ್ತೆ ಬಳಸುವುದು ತಪ್ಪಲ್ಲ, ಆದರೆ ಈ ಬಾಗಿಲನ್ನು ಆರಿಸಿದ್ದು ಅದರ ಮರಕ್ಕಾಗಿ ಅಲ್ಲ, ಅದಕ್ಕಿದ್ದ ಹೆಸರಿಗಾಗಿ ಎಂದೇ ನನ್ನ ಭಾವನೆ. ಐನ್‌ಮನೆಗಳ ಕೆತ್ತನೆಯ ಕಂಬಗಳನ್ನು ಬಿಚ್ಚಿ ತಂದು ರೆಸಾರ್ಟಿನ ಸ್ವಾಗತಕೋಣೆಯಲ್ಲಿ ಭಾರ ಹೊರದೆ ನಿಲ್ಲಿಸಿದ್ದನ್ನು ಕಂಡಾಗಲೂ ನನಗೆ ಇದೇ ಸಂಕಟ.

ನನ್ನ ಅನುಭವವನ್ನೂ ಹೇಳುತ್ತೇನೆ. ಹಲವು ವರ್ಷಗಳ ಹಿಂದೆ ಹೊರಗಿನಿಂದ ಬಂದ ಮಾಲೀಕರೊಬ್ಬರು ಯಾವುದೋ ಮರಳುಗಾಡಿನ ಊರಿನ ಬಂಗಲೆಯ ಚಿತ್ರ ಹಿಡಿದು ಬಂದರು. ಗುಡ್ಡವನ್ನು ಜೆಸಿಬಿಯಿಂದ ಕಡಿದು ಸಮತಟ್ಟು ಮಾಡಿ, ಎತ್ತರದ ಕಂಬಗಳ ಮೇಲೆ ಬರಿಯ ತಾರಸಿ ಹಾಕಿಸಿದರು. ನಕ್ಷೆ ಬರೆದುಕೊಟ್ಟವನು ನಾನೇ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆಂದು ಗೊತ್ತಿದ್ದೂ ಬರೆದುಕೊಟ್ಟೆ. ಎರಡನೆಯ ಮಳೆಗಾಲದಲ್ಲಿ ಹೋಗಿ ನೋಡಿದಾಗ ಊಟದ ಮೇಜಿನ ಮೇಲೆ ಮೂರು ಪಾತ್ರೆಗಳನ್ನು ಇಟ್ಟಿದ್ದರು, ಗೋಡೆಯ ಬೂಷ್ಟು ಆಳೆತ್ತರ ಏರಿತ್ತು. ಮೂರನೆಯ ವರ್ಷ ಆ ತಾರಸಿಯ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಶೀಟು ಹೊದಿಸಿದೆವು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜರಿದ ಮೇಲಂತೂ ಗುಡ್ಡ ಕಡಿಯುವ ನಕ್ಷೆಯನ್ನು ನಾನು ಮುಟ್ಟುವುದಿಲ್ಲ. ನನ್ನ ಮಟ್ಟಿಗೆ ಅಭಿರುಚಿ ಎಂದರೆ ಇಂಥ ವಿವೇಕವೇ ಹೊರತು ಬಣ್ಣ, ಕಂಬ, ಕಮಾನುಗಳ ಆಯ್ಕೆಯಲ್ಲ.


ಉತ್ತರ: ಗೋಣಿಕೊಪ್ಪಲಿನ ಹಳೆಯ ಆಟಗಾರ

ಇಂಜಿನಿಯರ್ ಅವರ ಮಾತಿನಲ್ಲಿ ಮಳೆ, ಮಾಡುಗಳ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅವರು ಆ ಮನೆಯೊಡೆಯನ ಕಸುಬನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಜೋರ್ಡನ್ 1993ರಲ್ಲಿ ಆಟ ಬಿಟ್ಟು, 1995ರ ಮಾರ್ಚಿನಲ್ಲಿ ಮರಳಿ ಬಂದರು. ಮೊದಲು 45 ಸಂಖ್ಯೆಯ ಅಂಗಿ ತೊಟ್ಟರು, ಕೆಲವೇ ವಾರಗಳಲ್ಲಿ 23ಕ್ಕೆ ಹಿಂತಿರುಗಿದರು, ಆದರೂ ಆ ವರ್ಷ ಪ್ರಶಸ್ತಿ ಸಿಗಲಿಲ್ಲ. ಆಮೇಲಿನ ದಿನಗಳಲ್ಲಿ ತಂಡದ ಜೊತೆಗಾರರಾದ ಸ್ಕಾಟಿ ಪಿಪ್ಪೆನ್ ಮತ್ತು ರಾನ್ ಹಾರ್ಪರ್ ಬೆಳಿಗ್ಗೆ ಅವರ ಮನೆಗೇ ಬಂದು, ತರಬೇತುದಾರ ಟಿಮ್ ಗ್ರೋವರ್ ಅವರ ಕೈಕೆಳಗೆ ಕಸರತ್ತು ಮಾಡಿ, ಒಟ್ಟಿಗೆ ತಿಂಡಿ ತಿಂದು ತಂಡದ ಅಭ್ಯಾಸಕ್ಕೆ ಹೊರಡುತ್ತಿದ್ದರು. 1996, 1997, 1998ರಲ್ಲಿ ಅವರ ತಂಡ ಷಿಕಾಗೋ ಬುಲ್ಸ್ ಸತತ ಮೂರು ಬಾರಿ ಗೆದ್ದಿತು. ಕಮ್ಮಾರನ ಮನೆಯಲ್ಲಿ ಕುಲುಮೆ ಇರುವುದನ್ನು ನಾವು ಆಡಂಬರ ಎನ್ನುವುದಿಲ್ಲ. ಮೂವತ್ತು ದಾಟಿದ ಆಟಗಾರನಿಗೆ ಮಲಗುವ ಕೋಣೆಯಿಂದ ಹತ್ತು ಹೆಜ್ಜೆಯಲ್ಲಿ ವ್ಯಾಯಾಮದ ಜಾಗ ಇರುವುದೆಂದರೆ ಏನೆಂದು ನನಗೆ ಗೊತ್ತು. ನಾವು ಹಾಕಿ ಆಡುತ್ತಿದ್ದಾಗ ಮಳೆಗಾಲದ ಮೂರು ತಿಂಗಳು ಕಾಫಿ ಗೋದಾಮಿನಲ್ಲಿ ಮೂಟೆಗಳನ್ನು ಒಂದು ಬದಿಗೆ ಒಟ್ಟಿ, ಸಿಮೆಂಟು ನೆಲದ ಮೇಲೆ ಓಡುತ್ತಿದ್ದೆವು. ನನ್ನ ಎಡಮಂಡಿ ಆ ನೆಲವನ್ನು ಇಂದಿಗೂ ಮರೆತಿಲ್ಲ.

ಇನ್ನು ಗೇಟಿನ ಮೇಲಿನ 23. ನಮ್ಮ ಎಷ್ಟೋ ಮನೆಗಳ ಕಯ್ಯಾಲೆಯ (ಮುಂಜಗಲಿಯ) ಗೋಡೆಯಲ್ಲಿ ಕಡವೆ, ಕಾಟಿಗಳ ಕೊಂಬುಗಳು ಸಾಲಾಗಿ ಇವೆ, ಅವುಗಳ ಕೆಳಗೆ ಸೇನೆಯಲ್ಲಿದ್ದ ಹಿರಿಯರ ಪದಕಗಳು, ಗಾಜಿನ ಬೀರುವಿನಲ್ಲಿ 1997ರಲ್ಲಿ ಆರಂಭವಾದ ಕೊಡವ ಕೌಟುಂಬಿಕ ಹಾಕಿ ಹಬ್ಬದ ಫಲಕಗಳು. ಮನೆಗೆ ಬಂದವರ ಕಣ್ಣಿಗೆ ಮೊದಲು ಅವೇ ಬೀಳಲಿ ಎಂದೇ ಅಲ್ಲಿ ಇಟ್ಟಿದ್ದೇವೆ. ನಮ್ಮದು ಪರಂಪರೆ, ಜೋರ್ಡನ್ ಅವರದು ಡಂಬ ಎಂದು ಹೇಳಲು ನನ್ನಿಂದಾಗದು. ತಾನು ಬೆವರು ಸುರಿಸಿ ದುಡಿದವನ ಮನೆಗೆ ಒಂದು ನ್ಯಾಯ, ಅಜ್ಜನ ಆಸ್ತಿಯಲ್ಲಿ ಕಟ್ಟಿದವನ ಮನೆಗೆ ಇನ್ನೊಂದು ನ್ಯಾಯ ಇರಬಾರದು.

ನಾಪೋಕ್ಲಿನವರಲ್ಲಿ ಒಂದು ಮಾತು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಆ ಮನೆಗೆ ಹನ್ನೆರಡು ವರ್ಷ ಗಿರಾಕಿ ಸಿಗಲಿಲ್ಲವೆಂದು ಬರೆದಿರಿ. ನಿಮ್ಮ ಐನ್‌ಮನೆಯಲ್ಲಿ ಈಗ ಎಷ್ಟು ಜನ ವಾಸವಿದ್ದಾರೆ?


ಪ್ರಶ್ನೆ ಕೇಳಿದವರು: ನಾಪೋಕ್ಲು ನಿವಾಸಿ

ಬೇಸರವಿಲ್ಲ. ಯಾರೂ ವಾಸವಿಲ್ಲ. ಹತ್ತಿರದಲ್ಲೇ ಮನೆ ಮಾಡಿಕೊಂಡಿರುವ ದೊಡ್ಡಮ್ಮ ಸಂಜೆ ಬಂದು ನೆಲ್ಲಕ್ಕಿಯ ತೂಗುದೀಪಕ್ಕೆ ಎಣ್ಣೆ ಹಾಕಿ ಹಚ್ಚಿ, ಬಾಗಿಲೆಳೆದುಕೊಂಡು ಹೋಗುತ್ತಾರೆ. ಸುಗ್ಗಿಯ ಹಬ್ಬ ಹುತ್ತರಿಗೆ ಗದ್ದೆಯಿಂದ ಕದಿರು ತರುವ ರಾತ್ರಿ ಮಾತ್ರ ಮೈಸೂರು, ಬೆಂಗಳೂರಿನವರೆಲ್ಲ ಬಂದು ಕಾಲಿಡಲು ಜಾಗವಿಲ್ಲದಂತೆ ತುಂಬುತ್ತದೆ. ನೀವು ಕೇಳಿದ ಮೇಲೆ ಈ ಹೋಲಿಕೆ ನನ್ನ ಮನಸ್ಸಿನಿಂದ ಹೋಗುತ್ತಿಲ್ಲ.

ಒಂದು ವ್ಯತ್ಯಾಸ ಮಾತ್ರ ಉಳಿಯುತ್ತದೆಂದು ನನಗೆ ತೋರುತ್ತದೆ. ಐನ್‌ಮನೆ ಒಕ್ಕದ್ದು, ನಮ್ಮಲ್ಲಿ ಯಾರೊಬ್ಬರೂ ಅದಕ್ಕೆ ಬೆಲೆ ಕಟ್ಟಿ ಮಾರುವಂತಿಲ್ಲ. ಅದಕ್ಕಿರುವುದು ಒಕ್ಕದ ಹೆಸರು, ಕಟ್ಟಿಸಿದವರ ಹೆಸರು ಯಾವ ಕಂಬದ ಮೇಲೂ ಇಲ್ಲ. ಜೋರ್ಡನ್ ಅವರ ಮನೆಯಾದರೋ ಅಡಿಯಿಂದ ಮುಡಿಯವರೆಗೆ ಒಬ್ಬರೇ ಮನುಷ್ಯನದು. ಕೊಳ್ಳಲು ಬಂದವನು 23ನ್ನು ಉಳಿಸಿಕೊಂಡರೆ ಬೇರೆಯವನ ಮನೆಯಲ್ಲಿ ಇದ್ದ ಹಾಗೆ, ತೆಗೆದುಹಾಕಿದರೆ ಅಷ್ಟು ದುಡ್ಡು ಕೊಟ್ಟು ಕೊಂಡದ್ದಾದರೂ ಏಕೆ ಎಂಬ ಹಾಗೆ. ಹನ್ನೆರಡು ವರ್ಷದ ಕತೆಗೆ ಇದೂ ಒಂದು ಕಾರಣ ಇರಬಹುದೇ?


ಉತ್ತರ: ಪಾಲಿಬೆಟ್ಟದ ಓದುಗಿ

ಅಣ್ಣಂದಿರು ಮೂವರೂ ಗೇಟು, ಜಗಲಿ, ಮಾಡುಗಳಲ್ಲಿಯೇ ನಿಂತಿದ್ದೀರಿ. ನಾನು ಹಿಂಬಾಗಿಲಿನಿಂದ ಬರುತ್ತೇನೆ.

19 ಬಚ್ಚಲುಮನೆ ಎಂದು ಓದಿದ ಕೂಡಲೇ ನನ್ನ ಮನಸ್ಸಿಗೆ ಬಂದದ್ದು ಅವನ್ನು ಉಜ್ಜುವ ಕೈಗಳು. ನಾನು ಹುಟ್ಟಿ ಬೆಳೆದದ್ದು ಕಾಫಿ ತೋಟದಲ್ಲಿ. ಅಪ್ಪ ಅಲ್ಲಿ ಗುಮಾಸ್ತರು. ತೋಟದ ಬಂಗಲೆ ನಿಜಕ್ಕೂ ಚೆಲುವಾಗಿತ್ತು. ಕೆಂಪು ನೆಲ, ಬೀಟೆಮರದ ಕುರ್ಚಿಗಳು, ಸುತ್ತ ಅಗಲವಾದ ವರಾಂಡ, ಎದುರಿಗೆ ಒಪ್ಪವಾಗಿ ಕತ್ತರಿಸಿದ ಹುಲ್ಲು. ನೋಡಿದವರೆಲ್ಲ "ಎಂಥ ಅಭಿರುಚಿ" ಎನ್ನುತ್ತಿದ್ದರು, ಇಂದಿಗೂ ಪ್ರವಾಸಿಗರು ಅದನ್ನೇ ಅನ್ನುತ್ತಾರೆ. ಇಳಿಜಾರಿನ ಕೆಳಗೆ, ಬಂಗಲೆಯ ಕಿಟಕಿಗೆ ಕಾಣದ ಹಾಗೆ, ತೋಟದ ಕೆಲಸಗಾರರ ಲೈನ್‌ಮನೆಗಳಿದ್ದವು. ಒಂದೊಂದು ಸಂಸಾರಕ್ಕೆ ಒಂದೊಂದು ಕೋಣೆ, ಅದರ ಮುಂದೆ ಒಲೆ ಹಾಕುವಷ್ಟು ಜಾಗ, ಸಾಲಿಗೆಲ್ಲ ಒಂದೇ ನಲ್ಲಿ. ಮಳೆಗಾಲದಲ್ಲಿ ನನ್ನ ಗೆಳತಿಯ ಪುಸ್ತಕಗಳನ್ನು ಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತೊಲೆಗೆ ಕಟ್ಟಿರುತ್ತಿದ್ದರು. ಬಂಗಲೆಯನ್ನೂ ಲೈನನ್ನೂ ಕಟ್ಟಿಸಿದ್ದು ಒಂದೇ ಕೈ, ಒಂದೇ ದುಡ್ಡು. ಆದ್ದರಿಂದ ಅಭಿರುಚಿಯ ತೀರ್ಪು ಕೊಡುವಾಗ ಎರಡನ್ನೂ ಒಟ್ಟಿಗೆ ನೋಡಬೇಕೆಂದು ನಾನು ಹಟ ಹಿಡಿಯುತ್ತೇನೆ.

ಐನ್‌ಮನೆಯ ವಿಷಯಕ್ಕೂ ಇದೇ ಮಾತು. ಕಯ್ಯಾಲೆಯ ಐಮರವನ್ನು ಎಲ್ಲರೂ ಹೊಗಳುತ್ತಾರೆ. ಕಂಬದಿಂದ ಕಂಬಕ್ಕೆ ಹಾಸಿದ ಆ ಒಂದೇ ಹಲಗೆಯ ನುಣುಪು ನನಗೂ ಪ್ರಿಯವಾದದ್ದೇ. ಆದರೆ ನನ್ನ ತಾಯಿಯ ಅಮ್ಮ ಅದರ ಮೇಲೆ ಕುಳಿತದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಅವರ ದಿನ ಕಳೆಯುತ್ತಿದ್ದದ್ದು ಹಿಂದಿನ ಅಡಿಗೆಮನೆಯಲ್ಲಿ. ಅಲ್ಲಿದ್ದದ್ದು ಒಂದೇ ಕಿರುಕಿಟಕಿ, ಮಧ್ಯಾಹ್ನವೂ ದೀಪ ಬೇಕು, ಒದ್ದೆ ಸೌದೆಯ ಹೊಗೆಗೆ ಅಟ್ಟದ ಹಲಗೆಗಳು ಕಪ್ಪಗೆ ಹೊಳೆಯುತ್ತಿದ್ದವು. ಮುಂಬಾಗಿಲಿನ ಕೆತ್ತನೆಗೆ ಆಚಾರಿ ತಿಂಗಳುಗಟ್ಟಲೆ ಕುಳಿತಿದ್ದರೆ, ಅಡಿಗೆಮನೆಗೆ ಇನ್ನೊಂದು ಕಿಟಕಿ ಇಡಲು ಅವನಿಗೆ ಅರ್ಧ ದಿನ ಸಾಕಿತ್ತು.

ಜೋರ್ಡನ್ ಅವರ ಮನೆಯ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಆ ವ್ಯಾಯಾಮದ ಜಾಗವನ್ನು ನಾನು ಮೆಚ್ಚುತ್ತೇನೆ, ಏಕೆಂದರೆ ಮೂವರು ಗೆಳೆಯರು ದಿನವೂ ಅಲ್ಲಿ ಬೆವರಿದರು. ಉಳಿದದ್ದರಲ್ಲಿ ಬಹುಪಾಲು ಯಾರ ದಿನಚರಿಗೂ ಬೇಕಾಗಿರಲಿಲ್ಲ. ನಾಪೋಕ್ಲು ಅಣ್ಣ, ಹೇಗೂ ಮಾಡು ಬಿಚ್ಚಿಸುತ್ತಿದ್ದೀರಿ. ಅಡಿಗೆಮನೆಯ ಮೇಲೆ ಕೆಲವು ಗಾಜಿನ ಹೆಂಚುಗಳನ್ನು ಹಾಕಿಸಿ. ಹುತ್ತರಿಯ ದಿನ ಎಲ್ಲರೂ ನೆಲ್ಲಕ್ಕಿಯಲ್ಲಿ ಇರುವಾಗ ತಂಬಿಟ್ಟು ಕಲಸುವವರು ಅಲ್ಲಿ ಇರುತ್ತಾರೆ.


ಪ್ರಶ್ನೆ ಕೇಳಿದವರು: ನಾಪೋಕ್ಲು ನಿವಾಸಿ

ಅಕ್ಕ, ನಿಮ್ಮ ಉತ್ತರವನ್ನು ದೊಡ್ಡಮ್ಮನಿಗೆ ಓದಿ ಹೇಳಿದೆ. ಅವರು ಮದುವೆಯಾಗಿ ಬಂದ ವರ್ಷವೇ ಇದನ್ನು ಕೇಳಿದ್ದರಂತೆ. ಈ ಮನೆಯ ಮಾಡನ್ನು ಯಾರೂ ಬದಲಿಸಕೂಡದೆಂದು ಹಿರಿಯರು ಸುಮ್ಮನಾಗಿಸಿದ್ದರಂತೆ. ಆರು ಗಾಜಿನ ಹೆಂಚುಗಳನ್ನು ಖರ್ಚಿನ ಪಟ್ಟಿಗೆ ಸೇರಿಸಿದ್ದೇನೆ. ಅವುಗಳನ್ನು ಎಲ್ಲಿ ಹಾಕಿಸಿದರೆ ಸೋರುವುದಿಲ್ಲ ಎಂಬುದನ್ನು ಇಂಜಿನಿಯರ್ ಅವರು ತಿಳಿಸಬೇಕು.


ಉತ್ತರ: ಮಡಿಕೇರಿಯ ಇಂಜಿನಿಯರ್

ಮಳೆಗಾಳಿ ನೈಋತ್ಯದಿಂದ ಹೊಡೆಯುವುದರಿಂದ ಪಡುವಣ ಮತ್ತು ತೆಂಕಣ ಇಳಿಜಾರು ಬೇಡ, ಬಡಗಣ ಇಳಿಜಾರಿನಲ್ಲಿ ಹಾಕಿಸಿ. ಸೂರಿನಿಂದ ನಾಲ್ಕು ಸಾಲು ಮೇಲಕ್ಕೆ ಇಡಿ, ಆರನ್ನೂ ಒಂದೇ ಕಡೆ ಗುಂಪು ಮಾಡದೆ ಎರಡೆರಡಾಗಿ ಹಂಚಿ. ಉಳಿದ ಹೆಂಚಿನ ಅಳತೆಗೆ ಗಾಜಿನದೂ ಸರಿಯಾಗಿ ಕೂರಬೇಕಾದ್ದರಿಂದ ಕೊಳ್ಳುವ ಮೊದಲು ನಿಮ್ಮ ಹಳೆಯ ಹೆಂಚೊಂದನ್ನು ಅಂಗಡಿಗೆ ತೆಗೆದುಕೊಂಡು ಹೋಗಿ ಜೋಡಿಸಿ ನೋಡಿ. ರೀಪು ಬದಲಿಸುವ ದಿನ ತಿಳಿಸಿದರೆ ನಾನೂ ಬರುತ್ತೇನೆ.