ಸ್ಲೋ ಕಂಪ್ಯೂಟರಿಗೆ ಮದ್ದು: ರಿಪೇರಿಯವರನ್ನ ಕೇಳಿ (ನಮ್ಮ ಬಡಾವಣೆ ಗುಂಪು)

ಕಿರಾಣಿ ಅಂಗಡಿ: ಸಾರ್, ಆನ್ ಮಾಡಿ ಕಾಫಿ ಕುಡಿದು ಬಂದ್ರೂ ಡೆಸ್ಕ್‌ಟಾಪ್ ಬಂದಿರಲ್ಲ. ಹಳೇ ಸಿಸ್ಟಮ್, 4 ಜಿಬಿ ರ‍್ಯಾಮ್.

ರಿಪೇರಿಯವರು: ಕ್ಯಾಬಿನೆಟ್ ಪಕ್ಕ ಬಿಚ್ಚಿ ನೋಡಿ. ಹೋದ ವಾರ ಒಂದು ಬಂದಿತ್ತು, ಫ್ಯಾನ್ ರೆಕ್ಕೆಗೆ ಆಯುಧಪೂಜೆ ಚೆಂಡುಹೂವಿನ ಎಸಳು ಅಂಟ್ಕೊಂಡು ಒಣಗಿದೆ, ಜಾಲರಿ ತುಂಬ ಕುಂಕುಮ. ಬಿಸಿ ಏರಿದ್ರೆ ಪ್ರೊಸೆಸರ್ ತಾನೇ ವೇಗ ಇಳಿಸ್ಕೊಳ್ಳುತ್ತೆ. ಧೂಳು ತೆಗೀರಿ. ಆಮೇಲೂ ಹಾಗೇ ಇದ್ರೆ ಹಾರ್ಡ್‌ಡಿಸ್ಕ್ ಬದಲು ಎಸ್‌ಎಸ್‌ಡಿ (ತಿರುಗೋ ಭಾಗ ಇಲ್ಲದ ವೇಗದ ಡಿಸ್ಕ್) ಹಾಕಿಸಿ, ರ‍್ಯಾಮ್ 8 ಮಾಡಿಸಿ. ಇನ್ಮೇಲೆ ಕುಂಕುಮ ಮಾನಿಟರಿಗೆ ಮಾತ್ರ.

ನಿವೃತ್ತ ಮೇಷ್ಟ್ರು: ಎಫ್5 ಹತ್ತು ಸಲ ಒತ್ತಿದ್ರೆ ಫಾಸ್ಟ್ ಆಗುತ್ತಂತೆ?

ರಿಪೇರಿಯವರು: ಬೆರಳಿಗೆ ವ್ಯಾಯಾಮ ಮೇಷ್ಟ್ರೇ.

ಮೂರನೇ ಕ್ರಾಸ್: ನಮ್ಮ ಪ್ರಿಂಟರಲ್ಲಿ ಹಳದಿ ಬಣ್ಣ ಒಂದೇ ಬರ್ತಿದೆ. ಯಾಕೆ?

ಎಲ್‌ಐಸಿ ಅಂಕಲ್: *ಬಂದದ್ದು ಹಂಚಿದೆ* ಸಿ ಡ್ರೈವಲ್ಲಿ ಸಿಸ್ಟಮ್32 ಅಂತ ಫೋಲ್ಡರ್ ಇರುತ್ತೆ, ಕಸ. ಅಳಿಸಿದ್ರೆ ಮೂರು ಪಟ್ಟು ವೇಗ!!

ರಿಪೇರಿಯವರು: ಅಳಿಸಿ ಅಂಕಲ್. ಆಮೇಲೆ ಸ್ಲೋ ಅನ್ನೋ ದೂರೇ ಬರಲ್ಲ, ಆನ್ ಆದ್ರೆ ತಾನೆ? ಅದು ವಿಂಡೋಸಿನ ಕರುಳು. ತಮಾಷೆಗೆ ಹೇಳಿದ್ದು, ಯಾರೂ ಮುಟ್ಬೇಡಿ.

ಎಲ್‌ಐಸಿ ಅಂಕಲ್: ಇಂಜಿನಿಯರ್ ಒಬ್ರು ಕಳಿಸಿದ್ದು ಕಣ್ರೀ.

ಟೈಲರಿಂಗ್ ಅಕ್ಕ: ಅಣ್ಣಾ, ನಮ್ಮದು ಎರಡು ದಿನದಿಂದ ತೀರಾ ನಿಧಾನ. ಒಳಗೆ ಟಕ್ ಟಕ್ ಅಂತ ಸದ್ದು. ಡಿಸ್ಕಲ್ಲಿ ಚದುರಿದ ಫೈಲು ಜೋಡಿಸುತ್ತೆ ಅಂತ ಅಂಕಲ್ ನಿನ್ನೆ ಕಳಿಸಿದ್ದು ನೋಡಿ ಡಿಫ್ರಾಗ್ ಹಾಕಿದೀನಿ, ಓಡ್ತಾ ಇದೆ. ಅಮ್ಮ ಹಾಡಿದ ಸೋಬಾನೆ ಪದ ಅದ್ರಲ್ಲೇ ಇವೆ, ಬೇರೆಲ್ಲೂ ಇಲ್ಲ.

ರಿಪೇರಿಯವರು: ಅಕ್ಕಾ, ಡಿಫ್ರಾಗ್ ಈಗ್ಲೇ ನಿಲ್ಸಿ. ಶಟ್‌ಡೌನ್ ಕೊಡಿ, ಎರಡು ನಿಮಿಷದಲ್ಲಿ ಆಗದಿದ್ರೆ ಪವರ್ ಬಟನ್ ಒತ್ತಿ ಹಿಡೀರಿ. ಇದು ಬರೀ ಸ್ಲೋ ಅಲ್ಲ. ಹಾರ್ಡ್‌ಡಿಸ್ಕ್ ಒಳಗಿನ ತಟ್ಟೆ ನಿಮಿಷಕ್ಕೆ 5400 ಸಲವೋ 7200 ಸಲವೋ ತಿರುಗ್ತಿರುತ್ತೆ, ಓದೋ ಹೆಡ್ಡು ತಟ್ಟೆಗೆ ತಾಗದ ಹಾಗೆ ಕೆಲವೇ ನ್ಯಾನೋಮೀಟರ್ ಮೇಲೆ ತೇಲ್ತಿರುತ್ತೆ. ಒಂದು ತಲೆಗೂದಲು ಅಂದ್ರೆ ಹತ್ತಾರು ಸಾವಿರ ನ್ಯಾನೋಮೀಟರ್ ದಪ್ಪ, ಲೆಕ್ಕ ಹಾಕ್ಕೊಳ್ಳಿ. ಆ ಹೆಡ್ಡು ಕೆಟ್ರೆ ಓದ್ಬೇಕಾದ ಜಾಗ ಸಿಗದೆ ಹಿಂದೆ ಮುಂದೆ ಬಡಿದಾಡುತ್ತೆ, ಆ ಟಕ್ ಟಕ್ ಅದೇ. ಡಿಫ್ರಾಗು, ಡಿಸ್ಕಿನ ತಪ್ಪು ಹುಡುಕೋ ಚೆಕ್‌ಡಿಸ್ಕು ಎಲ್ಲ ಅದನ್ನ ಇನ್ನಷ್ಟು ಓಡಿಸುತ್ತವೆ. ಕಾಲು ಮುರಿದವನನ್ನ ಓಟಕ್ಕೆ ನಿಲ್ಸಿದ ಹಾಗೆ. ಮೊದಲು ಹಾಡು ಕಾಪಿ ಆಗ್ಬೇಕು, ಉಳಿದಿದ್ದೆಲ್ಲ ಆಮೇಲೆ. ಆನ್ ಮಾಡಿ ಪರೀಕ್ಷೆ ಮಾಡ್ಬೇಡಿ, ಫ್ರೀಜರಲ್ಲಿ ಇಡ್ಬೇಡಿ (ಅದೂ ಒಂದು ಫಾರ್ವರ್ಡ್ ಓಡಾಡ್ತಿದೆ).

ಪಿಯು ಹುಡುಗ: ಎಲ್ಲರೂ ವಿಂಡೋಸ್ ಬದಲು ಲಿನಕ್ಸ್ ಹಾಕ್ಕೊಳ್ಳಿ. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗೀತು.

ಕಿರಾಣಿ ಅಂಗಡಿ: ಟ್ಯಾಲಿ ಓಡುತ್ತಾ ಅದ್ರಲ್ಲಿ?

ಪಿಯು ಹುಡುಗ: ಟ್ಯಾಲಿ ಯಾಕೆ ಬೇಕು?

ಕಿರಾಣಿ ಅಂಗಡಿ: ಜಿಎಸ್‌ಟಿ ನಿಮ್ಮಪ್ಪ ಕಟ್ತಾರಾ?

ಪಿಯು ಹುಡುಗ: ಅಪ್ಪನ ವಿಷ್ಯಕ್ಕೆ ಬರ್ಬೇಡಿ.

ನಿವೃತ್ತ ಮೇಷ್ಟ್ರು: ನನ್ನ ಹಳೇ ನುಡಿ ಫೈಲುಗಳು ಅವನ ಲಿನಕ್ಸಲ್ಲಿ ಗಜಿಬಿಜಿ ಆದ್ವು. ಇವನೇ ಹಾಕ್ಕೊಟ್ಟಿದ್ದು.

ಪಿಯು ಹುಡುಗ: ಅದು ಫಾಂಟ್ ತಪ್ಪು ಮೇಷ್ಟ್ರೇ! ಯೂನಿಕೋಡಲ್ಲಿ ಟೈಪ್ ಮಾಡಿ ಅಂತ ಆವತ್ತೇ ಹೇಳಿದ್ದೆ.

ಮೂರನೇ ಕ್ರಾಸ್: ಹಳದಿ ಪ್ರಿಂಟರ್ ಬಗ್ಗೆ ಯಾರಾದ್ರೂ?

ಹಾಲಿನ ಬೂತ್: ನಮ್ಮದೂ ಸ್ಲೋ. ಎಫ್5 ಒತ್ಲಾ?

ರಿಪೇರಿಯವರು: ಮೇಲೆ ಓದಿ.

ಎಲ್‌ಐಸಿ ಅಂಕಲ್: ಹೇಳೋ ಧಾಟಿ ಸರಿ ಇಲ್ಲ ಇವರದು.

ರಿಪೇರಿಯವರು: ನಿಮ್ಮ ಡಿಫ್ರಾಗ್ ಫಾರ್ವರ್ಡಿಗೆ ಒಬ್ರ ಹಾಡು ಹೋಗೋದ್ರಲ್ಲಿತ್ತು ಅಂಕಲ್. ಧಾಟಿ ಆಮೇಲೆ ನೋಡೋಣ. ಅಕ್ಕಾ, ಆಫ್ ಮಾಡಿದ್ರಾ?

ಟೈಲರಿಂಗ್ ಅಕ್ಕ: ಮಾಡಿದೆ ಅಣ್ಣಾ, ಸದ್ದು ನಿಂತಿದೆ. ಮಗ ಬೈಕಲ್ಲಿ ತರ್ತಾನೆ.

ರಿಪೇರಿಯವರು: ಬೈಕ್ ಬೇಡ. ಟವೆಲ್ ಸುತ್ತಿ ತೊಡೆ ಮೇಲಿಟ್ಕೊಂಡು ಆಟೋದಲ್ಲಿ ಬರ್ಲಿ. ಅಂಗಡಿ ತೆಗೆದಿರ್ತೀನಿ.